ಹಗ್ಗದ ಎರಡು ತುದಿ

ಮೊದಲು ಕಾನೂನಿನ ಮಾತು ಆಡಿಬಿಡೋಣ. ಈ ದೇಶದಲ್ಲಿ ನಮ್ಮ ಕಡೆಯ ಕೋತಿಯನ್ನು ಹಿಡಿದು ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಅಂದರೆ ಬರೀ ಕೊಲ್ಲೋದಲ್ಲ. ಬಲೆ ಒಡ್ಡೋದು, ಹಿಡಿಯೋದು, ಹಿಡಿಯೋಕೆ ಪ್ರಯತ್ನ ಪಡೋದು ಎಲ್ಲಾ ಬೇಟೆಯೇ. ಹಾಗೆ ಹಿಡಿದ ಪ್ರಾಣಿ ಹಿಡಿದವನದಾಗೋದಿಲ್ಲ, ಸರ್ಕಾರದ ಆಸ್ತಿಯಾಗುತ್ತದೆ. ಕಾಡುಪಾಪ, ಸಿಂಗಳೀಕ ಕಾಯಿದೆಯ ಒಂದನೇ ಪಟ್ಟಿಯಲ್ಲಿವೆ. ನಮ್ಮ ಹೆಂಚು ಕಿತ್ತು, ಕಡಲೆಕಾಯಿ ಹೊಲ ನುಗ್ಗುವ ಮಾಮೂಲಿ ಕೋತಿ ಮುಂಚೆ ಎರಡನೇ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅದೂ ಒಂದನೇ ಪಟ್ಟಿಗೆ ಏರಿದೆ. ಹುಲಿ, ಆನೆಗಳ ಸಾಲು ಅದು. ಆ ಸಾಲಿನ ಪ್ರಾಣಿಯ ವಿಷಯದಲ್ಲಿ ತಪ್ಪು ಮಾಡಿದರೆ ಮೂರರಿಂದ ಏಳು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅದೇ ತಿದ್ದುಪಡಿ ಉತ್ತರ ಭಾರತದ ಕೆಂಪು ಮೂತಿಯ ಕೋತಿಯನ್ನು ಪಟ್ಟಿಗಳಿಂದ ಹೊರಗೆ ಹಾಕಿತು. ಆದರೂ ಅದನ್ನು ಹಿಂಸಿಸುವ ಹಾಗಿಲ್ಲ, ಕುಣಿಸುವ ಹಾಗಿಲ್ಲ. ಅದಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಇದೆ.

ಹಳ್ಳಿ ಮೇಷ್ಟ್ರುಗಳಾದ ನಾವು ಇದನ್ನು ತಿಳಕೊಂಡಿರಬೇಕು. ಈಗ ಹುಡುಗರ ಕೈಲಿ ಫೋನಿದೆ. ಅಂಗಿ ಚಡ್ಡಿ ತೊಟ್ಟ ಪುಟ್ಟ ಕೋತಿ ಬಾಟಲಿಯಲ್ಲಿ ಹಾಲು ಕುಡಿಯೋದನ್ನ ಅದರಲ್ಲಿ ನೋಡಿ, 'ನಾವೂ ಒಂದು ಸಾಕಬಹುದಾ ಸಾರ್?' ಅಂತ ಕೇಳುತ್ತಾರೆ. ಕೂಡದು ಅಂತ ಹೇಳಿದರೆ ಸಾಲದು, ಯಾಕೆ ಕೂಡದು ಅಂತಲೂ ಹೇಳಬೇಕು. ಕೋತಿ ಒಂಟಿಯಾಗಿ ಬಾಳುವ ಜೀವ ಅಲ್ಲ. ಅದಕ್ಕೆ ಹಿಂಡು ಬೇಕು, ಹೇನು ಹೆಕ್ಕುವ ಕೈ ಬೇಕು, ಹತ್ತೋಕೆ ಮರ ಬೇಕು. ಮರಿ ಬೇಕೆನ್ನುವವನು ಅದನ್ನು ತಾಯಿಯ ಹೊಟ್ಟೆಯಿಂದ ಕಿತ್ತೇ ತರಬೇಕು. ಎರಡು ಮೂರು ವರ್ಷ ಮುದ್ದಾಗಿರುತ್ತೆ, ಬಲಿತ ಮೇಲೆ ಕಚ್ಚುತ್ತೆ. ಆಮೇಲೆ ಸಾಕಿದವನೇ ಕೋರೆಹಲ್ಲು ಕೀಳಿಸುತ್ತಾನೆ, ಇಲ್ಲವೇ ಸರಪಳಿ ಬಿಗಿಯುತ್ತಾನೆ, ಇಲ್ಲವೇ ಊರಾಚೆ ಬಿಟ್ಟು ಬರುತ್ತಾನೆ.

ಹಗ್ಗ ಅಂದರೆ ಏನು ಅನ್ನೋದು ನಮ್ಮಂಥವರಿಗೆ ಪುಸ್ತಕ ಓದಿ ಗೊತ್ತಾಗಬೇಕಾಗಿಲ್ಲ. ನಮ್ಮಪ್ಪ ಜೀತದಾಳಾಗಿದ್ದ. ತಾತನ ಸಾಲಕ್ಕೆ ಅಪ್ಪ ಗೌಡರ ದನದ ಕೊಟ್ಟಿಗೆ ಸೇರಿದ. ಅವನ ಕುತ್ತಿಗೆಗೆ ಕಾಣುವಂಥ ಹಗ್ಗ ಇರಲಿಲ್ಲ. ಆದರೆ ಕೂತುಕೋ ಅಂದರೆ ಕೂರಬೇಕು, ಏಳು ಅಂದರೆ ಏಳಬೇಕು, ಹಬ್ಬದ ದಿನ ಅಂಗಳದಲ್ಲಿ ನಿಂತು ಕೈಮುಗಿಯಬೇಕು. ಕೋಲು ನೋಡಿ ಸಲಾಮು ಹೊಡೆಯುವ ಕೋತಿಗೂ ಅವನಿಗೂ ಬಹಳ ದೂರ ಇರಲಿಲ್ಲ. ಆದ್ದರಿಂದ ಕೋತಿಯ ಕುತ್ತಿಗೆಯಿಂದ ಹಗ್ಗ ಬಿಚ್ಚುವ ಕಾನೂನು ಒಳ್ಳೆಯ ಕಾನೂನು. ಅದರ ಪರವಾಗಿಯೇ ನಾನು ನಿಲ್ಲುತ್ತೇನೆ. 'ಅದು ಅವರ ಕುಲಕಸುಬು, ಬಿಟ್ಟುಬಿಡಿ ಪಾಪ' ಅನ್ನುವವರ ಕನಿಕರ ನನಗೆ ಬೇಡ. ಮಲ ಹೊರೋದನ್ನೂ, ಸತ್ತ ದನ ಎಳೆಯೋದನ್ನೂ ಕುಲಕಸುಬು ಅಂತಲೇ ಈ ಊರು ನಮ್ಮ ತಲೆ ಮೇಲೆ ಇಟ್ಟಿತ್ತು.

ನನ್ನ ಪ್ರಶ್ನೆ ಬೇರೆ. ಹಗ್ಗಕ್ಕೆ ಎರಡು ತುದಿ. ಒಂದು ತುದಿಯಲ್ಲಿ ಕೋತಿ ಇತ್ತು, ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇದ್ದ. ಅವನು ಏನಾದ?

ನಾನು ಪಾಠ ಹೇಳುತ್ತಿದ್ದ ಶಾಲೆಯ ಹಿಂದೆ ಕೆರೆ ಅಂಗಳದಲ್ಲಿ ಐದಾರು ಗುಡಾರ ಇದ್ದವು. ಅಲೆಮಾರಿ ಜನ. ಅದರಲ್ಲಿ ಒಬ್ಬ ಮುದುಕ ಕೋತಿ ಆಡಿಸುತ್ತಿದ್ದ. ಅವನ ಮೊಮ್ಮಗ ನನ್ನ ತರಗತಿಯಲ್ಲಿ, ಏಳನೇ ಕ್ಲಾಸು. ಲೆಕ್ಕದಲ್ಲಿ ಚುರುಕು. ಬಡಾವಣೆಯಲ್ಲಿ ಕೋತಿಯಾಟ ಆಡಿಸಿದರೆ ದುಡ್ಡು ಸಿಗುತ್ತಿತ್ತು, ನೀರು ಸಿಗುತ್ತಿರಲಿಲ್ಲ. ಲೋಟ ಮುಟ್ಟಿಸೋದು ಬೇಡ ಅಂತ ಗೇಟಿನಾಚೆಯಿಂದ ಬೊಗಸೆಗೆ ಸುರಿಯುತ್ತಿದ್ದರು. ಕೋತಿಯ ಹೆಗಲಿಗೆ ಮಾತ್ರ ಹೆಂಗಸರು ಅರಿಶಿನ ಕುಂಕುಮ ಹಚ್ಚಿ, ಬಾಳೆಹಣ್ಣು ಕೊಟ್ಟು, ಆಂಜನೇಯ ಅಂತ ಕೈಮುಗಿಯುತ್ತಿದ್ದರು.

2016ರಲ್ಲಿ ಒಂದು ಬೆಳಿಗ್ಗೆ ಜೀಪು ಬಂತು. ಯಾರೋ ಫೋಟೋ ತೆಗೆದು ಕಳಿಸಿದ್ದರಂತೆ. ಕೋತಿಯನ್ನು ಬೋನಿಗೆ ಹಾಕಿದರು, ಮುದುಕನನ್ನು ಹಿಂದಿನ ಸೀಟಿಗೆ ಹಾಕಿದರು. ಸುದ್ದಿ ಕೇಳಿ ನಾನು ಹೋದೆ. ಮುದುಕ ಅಳುತ್ತಿರಲಿಲ್ಲ. ಒಂದೇ ಮಾತು ಹೇಳುತ್ತಿದ್ದ: 'ಅದುಕ್ ಹಲ್ಲಿಲ್ಲ ಮೇಷ್ಟ್ರೇ. ನಾನೇ ಕೀಳ್ಸಿದ್ದು. ಕಾಡಿಗ್ ಬುಟ್ರೆ ಏನ್ ತಿಂದಾತು? ಅವ್ರಿಗ್ ಒಸಿ ಹೇಳಿ.'

ಈ ಮಾತಿನಲ್ಲಿ ಅವನ ತಪ್ಪೂ ಇದೆ, ಅವನ ಮನುಷ್ಯತ್ವವೂ ಇದೆ. ಹಲ್ಲು ಕೀಳಿಸಿದ್ದು ಕ್ರೌರ್ಯ, ಅದರಲ್ಲಿ ಎರಡು ಮಾತಿಲ್ಲ. ಅವತ್ತು ಜೀಪಿನಲ್ಲಿದ್ದ ಇಷ್ಟು ಜನರಲ್ಲಿ ಕೋತಿ ನಾಳೆ ಏನು ತಿನ್ನುತ್ತೆ ಅಂತ ಕೇಳಿದವನು ಅವನೊಬ್ಬನೇ ಅನ್ನೋದೂ ನಿಜ.

ಆಮೇಲೆ ಕೇಸು. ವಾಯಿದೆ ಮೇಲೆ ವಾಯಿದೆ. ಪ್ರತಿ ಸಲ ಬಸ್ ಚಾರ್ಜು, ವಕೀಲರ ಫೀಸು, ಒಂದು ದಿನದ ಕೂಲಿ ಖೋತಾ. ಮುದುಕನ ಮಗ ಪ್ಲಾಸ್ಟಿಕ್ಕು, ಗುಜರಿ ಆಯೋಕೆ ಪೇಟೆ ಸೇರಿದ. ಹುಡುಗ ಅವನ ಹಿಂದೆ ಚೀಲ ಹಿಡಿದು ಹೋದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ತಿಂಗಳುಗಟ್ಟಲೆ ಗೈರುಹಾಜರಿ ಬರೆದೆ. ಕಾನೂನು ಒಂದು ಕೋತಿಯನ್ನು ಬಿಡಿಸಿತು, ಒಬ್ಬ ಹುಡುಗನನ್ನು ಶಾಲೆಯಿಂದ ಬಿಡಿಸಿತು. ಎರಡನೆಯದು ಯಾವ ಇಲಾಖೆಯ ಲೆಕ್ಕದಲ್ಲೂ ಇಲ್ಲ.

ಈ ಕಾನೂನು ಬೀದಿಗೆ ಇಳಿದ ದಾರಿ ನೋಡಿ. ಕರಡಿ, ಕೋತಿ, ಹುಲಿ, ಚಿರತೆಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದು ಅಂತ ಕೇಂದ್ರ ಸರ್ಕಾರ 1991ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್ ಮಾಲೀಕರು ಕೋರ್ಟಿಗೆ ಹೋದರು. 1998ರಲ್ಲಿ ಸಿಂಹವನ್ನೂ ಸೇರಿಸಿ ಹೊಸ ಅಧಿಸೂಚನೆ ಬಂತು. 2000ದಲ್ಲಿ ಕೇರಳ ಹೈಕೋರ್ಟು, 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದವು. ಹತ್ತು ವರ್ಷ ವಾದ ನಡೆಯಿತು. ಕಂಪನಿಗಳಿಗೆ ವಕೀಲರಿದ್ದರು. ಡಮರುಗ ಹಿಡಿದು ಊರೂರು ಅಲೆಯುವವನಿಗೆ ಈ ವ್ಯಾಜ್ಯ ನಡೆಯುತ್ತಿರುವ ಸುದ್ದಿಯೇ ಮುಟ್ಟಲಿಲ್ಲ. ಅವನಿಗೆ ಕಾನೂನು ಗೊತ್ತಾಗಿದ್ದು ಜೀಪಿನ ಸದ್ದಿನಿಂದ.

ಸರ್ಕಾರದ ಕೈ ಶುದ್ಧವಾಗಿತ್ತೇ? 1950ರ ದಶಕದಲ್ಲಿ ಈ ದೇಶದಿಂದ ವರ್ಷಕ್ಕೆ ಲಕ್ಷಕ್ಕೂ ಮೇಲೆ ಕೆಂಪು ಮೂತಿಯ ಕೋತಿಗಳು ಅಮೆರಿಕ, ಯೂರೋಪುಗಳ ಪ್ರಯೋಗಶಾಲೆಗಳಿಗೆ ರಫ್ತಾದವು. ಪೋಲಿಯೋ ಲಸಿಕೆಗೆ ಬೇಕಾಗಿತ್ತು, ಅದು ಮಕ್ಕಳನ್ನು ಉಳಿಸಿತು, ಒಪ್ಪೋಣ. ಆಮೇಲೆ ಅಮೆರಿಕದ ಮಿಲಿಟರಿಯವರು ವಿಕಿರಣದ ಪ್ರಯೋಗಕ್ಕೂ ಅವನ್ನು ಬಳಸಿದ್ದು ಬಯಲಾಯಿತು. ಮೊರಾರ್ಜಿ ದೇಸಾಯಿ ಸರ್ಕಾರ ಇದ್ದಾಗ, 1978ರ ಏಪ್ರಿಲ್‌ನಿಂದ, ರಫ್ತು ನಿಂತಿತು. ಅಲ್ಲಿವರೆಗೂ ಪಂಜರಗಟ್ಟಲೆ ಕೋತಿ ಮಾರಿದ್ದು ವ್ಯಾಪಾರ. ಒಂದು ಕೋತಿ ಕಟ್ಟಿಕೊಂಡು ಹೊಟ್ಟೆ ಹೊರೆದದ್ದು ಅಪರಾಧ.

ದೆಹಲಿಯ ಕತೆ ಇನ್ನೂ ಚೆನ್ನಾಗಿದೆ. ರಾಜಧಾನಿಯ ಸರ್ಕಾರಿ ಕಟ್ಟಡಗಳಿಗೆ ಕೋತಿ ಕಾಟ. ಅವನ್ನು ಹೆದರಿಸೋಕೆ ಮುಸಿಯಗಳನ್ನು, ಅವರ ಭಾಷೆಯಲ್ಲಿ ಲಂಗೂರ್‌ಗಳನ್ನು, ಹಗ್ಗ ಕಟ್ಟಿ ಹಿಡಿದ ಜನರನ್ನು ವರ್ಷಗಟ್ಟಲೆ ಬಾಡಿಗೆಗೆ ಇಟ್ಟುಕೊಂಡಿದ್ದರು. ಮುಸಿಯವೂ ಅದೇ ಕಾಯಿದೆಯ ಪಟ್ಟಿಯಲ್ಲಿದ್ದ ಪ್ರಾಣಿ. ಕಾನೂನು ಮಾಡುವ ಊರಿನಲ್ಲೇ, ಕಾನೂನು ಮಾಡುವವರ ಕಚೇರಿ ಕಾಯೋಕೆ ಹಗ್ಗ ಇತ್ತು. 2012ರಲ್ಲಿ ಪರಿಸರ ಸಚಿವಾಲಯ ಇದು ಕಾನೂನಿಗೆ ವಿರುದ್ಧ ಅಂದಿತು, ಮುಸಿಯಗಳು ಹೋದವು. ಆಮೇಲೆ ಏನು ಮಾಡಿದರು ಗೊತ್ತೇ? ಮುಸಿಯದ ಹಾಗೆ ಕೂಗಿ ಕೋತಿ ಓಡಿಸೋಕೆ ಮನುಷ್ಯರನ್ನು ಇಟ್ಟರು. ಅಂಥವರು 40 ಜನ ಇದ್ದಾರೆ ಅಂತ 2014ರಲ್ಲಿ ಮಂತ್ರಿಗಳು ಸಂಸತ್ತಿಗೇ ಹೇಳಿದರು. 2023ರಲ್ಲಿ ಜಿ-20 ಸಭೆಗೆ ವಿದೇಶಿ ದೊಡ್ಡವರು ಬಂದಾಗ ಮುಸಿಯದ ಚಿತ್ರಪಟಗಳನ್ನು ಬೀದಿಯಲ್ಲಿ ನಿಲ್ಲಿಸಿದರು, ಕೂಗುವವರೂ ಇದ್ದರು. ಕೋತಿಯನ್ನು ಕೆಲಸಕ್ಕೆ ಇಡಬಾರದು, ಸರಿ. ಬಡವ ಕೋತಿಯಾಗಿ ಕೂಗಬಹುದು. ಅದಕ್ಕೆ ಯಾವ ಕಾಯಿದೆಯೂ ಅಡ್ಡ ಬರಲಿಲ್ಲ.

ಇನ್ನು ಹಣವಂತರ ಕಡೆ ಬನ್ನಿ. ಅವರು ನಮ್ಮ ಕೋತಿ ಸಾಕೋದಿಲ್ಲ. ದಕ್ಷಿಣ ಅಮೆರಿಕದ ಅಂಗೈಯಷ್ಟು ಗಾತ್ರದ ಮಾರ್ಮೊಸೆಟ್ ಬೇಕು, ಆಗ್ನೇಯ ಏಷ್ಯಾದ ಗಿಬ್ಬನ್ ಬೇಕು. ಇಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರಿಗೆ 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಸೂಚನೆ ಹೊರಡಿಸಿತು. ಆರು ತಿಂಗಳೊಳಗೆ ತಾವಾಗಿಯೇ ಘೋಷಿಸಿಕೊಂಡರೆ ಪ್ರಾಣಿ ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದಪತ್ರ ತೋರಿಸಬೇಕಾಗಿಲ್ಲ. ಮುಂದೆ 2022ರ ತಿದ್ದುಪಡಿಯಲ್ಲಿ ಇವುಗಳಿಗೇ ಒಂದು ಅಧ್ಯಾಯ ಸೇರಿತು. 2024ರ ಫೆಬ್ರವರಿಯಲ್ಲಿ ನಿಯಮ ಬಂತು: ಆಗಸ್ಟ್ 28ರೊಳಗೆ ಕಂಪ್ಯೂಟರಿನಲ್ಲಿ ನೋಂದಾಯಿಸಿ. ಆಮೇಲೆ ಕೊಂಡರೆ, ಮರಿ ಹಾಕಿದರೆ, ಸತ್ತರೆ ತಿಳಿಸುತ್ತಿರಿ. ನೋಂದಣಿ ಇರೋದು ಒಳ್ಳೆಯದೇ. ಆದರೆ 'ಎಲ್ಲಿಂದ ತಂದೆ?' ಅನ್ನುವ ಪ್ರಶ್ನೆಯನ್ನು ಬಂಗಲೆಯವನಿಗೆ ಆರು ತಿಂಗಳು ಕೇಳದೆ ಬಿಟ್ಟವರು ಗುಡಾರದವನಿಗೆ ಆರು ನಿಮಿಷವೂ ಬಿಡಲಿಲ್ಲ.

ಈ ಶೋಕಿಯ ಬಾಲ ಎಲ್ಲಿದೆ ಅನ್ನೋದು 2023ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಕಂಡಿತು. ಬ್ಯಾಂಕಾಕಿನಿಂದ ವಿಮಾನದಲ್ಲಿ ಬಂದ ಪೆಟ್ಟಿಗೆಗಳಲ್ಲಿ 18 ಜೀವಗಳು ಸಿಕ್ಕವು. ಅದರಲ್ಲಿ 4 ವಾನರ ಜಾತಿಯವು. ಅದರ ಜಾಡು ಹಿಡಿದು ಹೋದ ಕಂದಾಯ ಗುಪ್ತಚರರಿಗೆ ಒಂದು ತೋಟದ ಮನೆಯಲ್ಲಿ ಇನ್ನೂ 139 ಪ್ರಾಣಿಗಳು ಸಿಕ್ಕವು. ಉಸಿರಾಡೋಕೂ ಜಾಗವಿಲ್ಲದ ಪೆಟ್ಟಿಗೆಯಲ್ಲಿ ಕಡಲು ದಾಟಿ ಬರುವ ಮರಿಯ ಸಂಕಟ, ನಮ್ಮ ಮುದುಕನ ಹೆಗಲ ಮೇಲೆ ಕೂತ ಕೋತಿಯ ಸಂಕಟಕ್ಕಿಂತ ಕಡಿಮೆಯದೇ?

ವಿನಾಯಿತಿ ಅನ್ನೋದು ಈ ಕಾಯಿದೆಗೆ ಹೊಸದೇನಲ್ಲ. ಗೋಡೆಗೆ ಹುಲಿ ಚರ್ಮ, ಜಿಂಕೆ ಕೊಂಬು ಹೊಡೆದುಕೊಂಡವರಿಗೆ ಘೋಷಿಸಿಕೊಳ್ಳಲು 2003ರಲ್ಲಿ 180 ದಿನ ಕೊಟ್ಟರು. ಹುಲಿ ಉಗುರಿನ ಪದಕದ ಗಲಾಟೆ ಎದ್ದ ಮೇಲೆ 2024ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಇಂಥವನ್ನು ಒಪ್ಪಿಸೋಕೆ ಮೂರು ತಿಂಗಳು ಕೊಟ್ಟಿತು. ಅಂದರೆ ಕಾನೂನಿಗೆ ಕಾಯೋಕೆ ಬರುತ್ತದೆ. ಯಾರ ಮನೆ ಬಾಗಿಲಲ್ಲಿ ಕಾಯಬೇಕು ಅನ್ನೋದೂ ಅದಕ್ಕೆ ಗೊತ್ತಿದೆ.

ದಾರಿ ಇಲ್ಲವೇ? ಇದೆ, ಕಣ್ಣ ಮುಂದೆಯೇ ಇದೆ. 1976ರಲ್ಲಿ ಜೀತ ರದ್ದಿಯ ಕಾಯಿದೆ ಬಂದಾಗ ಜೀತದವನನ್ನು ಬಿಡಿಸಿ ಕೈಬೀಸಿ ಕಳಿಸಿ ಅನ್ನಲಿಲ್ಲ. ಸಾಲ ರದ್ದು ಮಾಡಿತು. ಪುನರ್ವಸತಿಗೆ 1978ರಲ್ಲಿ ತಲೆಗೆ 4,000 ರೂಪಾಯಿಯ ಯೋಜನೆ ಬಂತು. ಆ ದುಡ್ಡಿನಲ್ಲಿ ನಮ್ಮಪ್ಪನ ಕೈಗೆ ಬಂದದ್ದು ಎರಡು ಕುರಿ. ಮಿಕ್ಕಿದ್ದು ನಡುವೆ ಎಲ್ಲಿ ಮೇಯಿತೋ. ಆದರೂ ಆ ಎರಡು ಕುರಿಯಿಂದ ನಾನು ಸ್ಲೇಟು ಹಿಡಿದೆ. ಕರಡಿ ಕುಣಿಸುತ್ತಿದ್ದ ಕಲಂದರರ ವಿಷಯದಲ್ಲೂ ಹಾಗೇ ಆಯಿತು. ಕರಡಿ ಒಪ್ಪಿಸಿದವರಿಗೆ ಬೇರೆ ಕಸುಬು ಹಿಡಿಯಲು ಸ್ವಯಂಸೇವಾ ಸಂಸ್ಥೆಗಳು ದುಡ್ಡು ಕೊಟ್ಟವು, ಮಕ್ಕಳ ಓದಿಗೆ ನೆರವಾದವು. ಬಿಡಿಸಿದ ಕರಡಿಗಳಿಗೆ ಬನ್ನೇರುಘಟ್ಟದಲ್ಲೂ ನೆಲೆ ಸಿಕ್ಕಿತು. ಕೊನೆಯ ಕುಣಿಯುವ ಕರಡಿ ಹಗ್ಗ ಬಿಚ್ಚಿಕೊಂಡದ್ದು 2009ರಲ್ಲಿ. ಜೈಲಿನ ಭಯವೊಂದೇ ಆ ಕೆಲಸ ಮಾಡಲಿಲ್ಲ, ಅನ್ನದ ಭರವಸೆಯೂ ಮಾಡಿತು.

ಕೋತಿ ಆಡಿಸುವವರಿಗೂ ಇದೇ ಆಗಬೇಕು, ಇದು ಭಿಕ್ಷೆಯಲ್ಲ. ಕೋತಿ ಹಿಡಿದುಕೊಂಡು ಹೋದ ದಿನವೇ ಆ ಮನೆಗೆ ಸಮಾಜ ಕಲ್ಯಾಣದವರು ಬರಬೇಕು. ನಿವೇಶನದ ಹಕ್ಕುಪತ್ರ, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ಮಕ್ಕಳಿಗೆ ಹಾಸ್ಟೆಲು ಸಿಗಬೇಕು. ಹಲ್ಲು ಕಳಕೊಂಡ ಕೋತಿಯನ್ನು ಕಾಡಂಚಿನಲ್ಲಿ ಸುರಿದು ಬರೋದಲ್ಲ, ಅದಕ್ಕೆ ನೆಲೆ ಬೇಕು. ಕೋತಿಯ ಗುಣ, ಖಾಯಿಲೆ, ಮುನಿಸು ಬಲ್ಲ ಈ ಜನರಿಗೇ ಅಂಥ ನೆಲೆಗಳಲ್ಲಿ ಸಂಬಳದ ಕೆಲಸ ಯಾಕೆ ಕೊಡಬಾರದು?

ಗೆಳೆಯರೇ, ನಿಮ್ಮ ಶಾಲೆಯ ಹಿಂದೆಯೂ ಒಂದು ಗುಡಾರ ಇದ್ದೀತು. ಅಲ್ಲಿ ಕೋತಿ ಕಟ್ಟಿದ್ದರೆ ಅದು ಕೂಡದು ಅಂತ ಧೈರ್ಯವಾಗಿ ಹೇಳಿ. ತಾಯಿ ಸತ್ತ ಮರಿ ಸಿಕ್ಕರೆ ಮನೆಗೆ ತರಬೇಡಿ, ಅರಣ್ಯದವರಿಗೆ ತಿಳಿಸಿ. ಅದೇ ಉಸಿರಿನಲ್ಲಿ ಆ ಗುಡಾರದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಬರೆಯಿರಿ. ತಹಸೀಲ್ದಾರರಿಗೆ ಅರ್ಜಿ ಬರೆಯಿರಿ, ಮೇಲೆ ಬೀಳಿ, ಮತ್ತೆ ಬರೆಯಿರಿ. ಜೀಪು ಬರುವುದಕ್ಕೆ ಮುಂಚೆ ನಾವು ಹೋಗಬೇಕು.