ಇಂಜಿನ್ನಿಗೊಂದು ತಂಗಾಳಿ

ಹೊಸ ಕಾರು ಕೊಂಡವರು ಮೊದಲು ಪೂಜೆ ಮಾಡಿಸುತ್ತಾರೆ. ಆಮೇಲೆ ಸೀಟಿನ ಪ್ಲಾಸ್ಟಿಕ್ ಹಾಳೆ ಕೀಳಬೇಕೋ ಬೇಡವೋ ಎಂದು ಮನೆಮಂದಿಯೆಲ್ಲ ಸೇರಿ ಚರ್ಚಿಸುತ್ತಾರೆ. ವಾರಂಟಿ ಪುಸ್ತಕ ಮಾತ್ರ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಕೂತದ್ದು ಕೂತಂತೆಯೇ ಇರುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನೆಲೆಸಿರುವ ಹಾಸನದ ಕಡೆಯ ಕುಟುಂಬವೊಂದರಲ್ಲಿ ಆ ಪುಸ್ತಕ ಹೊರಗೆ ಬಂದದ್ದು ಕಾರು ಕೊಂಡು ಒಂದು ವರ್ಷವಾದ ಮೇಲೆ. ಅದೂ ಜಗಳದ ನಡುವೆ.

ಜಗಳ ಒಂದು ಕೊಳವೆಯ ಬಗ್ಗೆ. ಮಗನಿಗೆ ಇಪ್ಪತ್ತು ವರ್ಷ, ಕಾಲೇಜಿನಲ್ಲಿ ಎರಡನೇ ವರ್ಷ. ಕಾರಿನ ಸಾಲಕ್ಕೆ ಅಪ್ಪನ ಜಾಮೀನು. ತಿಂಗಳ ಕಂತಿನಲ್ಲಿ ಅರ್ಧ ಮಗನದು. ಬೇಸಿಗೆ ರಜೆಯಲ್ಲಿ ಅಂಗಡಿಯೊಂದರಲ್ಲಿ ದುಡಿದು ಉಳಿಸಿದ 350 ಡಾಲರಿನಲ್ಲಿ ಕಾರಿಗೆ ‘ಕೋಲ್ಡ್ ಏರ್ ಇಂಟೇಕ್’ ಹಾಕಿಸುತ್ತೇನೆ ಎಂದು ಅವನು ಹೊರಟ. ಅಪ್ಪನ ಉತ್ತರ ಒಂದೇ ಮಾತು: ‘ಬೇಡ, ವಾರಂಟಿ ಹೋಗುತ್ತೆ.’

ಅಪ್ಪನ ಭಯಕ್ಕೆ ಹಿನ್ನೆಲೆಯಿತ್ತು. ಅವರು ಚಿಕ್ಕವರಾಗಿದ್ದಾಗ ಚೇತಕ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದ ಗಾಡಿಯ ಒಂದು ಸ್ಕ್ರೂ ಮುಟ್ಟಲೂ ಅವರ ತಂದೆ ಬಿಡುತ್ತಿರಲಿಲ್ಲ. ಫ್ರೀ ಸರ್ವಿಸ್ ಕೂಪನ್ನುಗಳನ್ನು ಮನೆಯ ಪತ್ರಗಳ ಜೊತೆ ಟ್ರಂಕಿನಲ್ಲಿಡುತ್ತಿದ್ದರಂತೆ. ಅಂಥ ಮನೆಯಲ್ಲಿ ಬೆಳೆದವರಿಗೆ, ಸರಿಯಾಗಿಯೇ ಓಡುತ್ತಿರುವ ಕಾರಿನ ಬಾನೆಟ್ ತೆಗೆದು ಕಂಪೆನಿ ಕೊಟ್ಟ ಭಾಗವನ್ನು ಬಿಚ್ಚುವುದೆಂದರೆ ಅರ್ಥವಾಗುವುದಾದರೂ ಹೇಗೆ?

ಇಂಜಿನ್ ಪೆಟ್ರೋಲನ್ನು ಸುಡುವುದಕ್ಕೆ ಗಾಳಿ ಬೇಕು. ತಂಪುಗಾಳಿ ಬಿಸಿಗಾಳಿಗಿಂತ ಸಾಂದ್ರ. ಪಿಯುಸಿ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ: ಒತ್ತಡ ಒಂದೇ ಇದ್ದರೆ ಸಾಂದ್ರತೆ ಕೆಲ್ವಿನ್ ಉಷ್ಣತೆಗೆ ವಿಲೋಮ. 60 ಡಿಗ್ರಿಯ ಗಾಳಿಯ ಬದಲು 30 ಡಿಗ್ರಿಯದನ್ನು ಎಳೆದುಕೊಂಡರೆ ಅಷ್ಟೇ ಜಾಗದಲ್ಲಿ ಸುಮಾರು ಶೇಕಡಾ 10ರಷ್ಟು ಹೆಚ್ಚು ಆಮ್ಲಜನಕ ಸಿಗುತ್ತದೆ. ಆದ್ದರಿಂದ ಉದ್ದನೆಯ ನುಣುಪು ಕೊಳವೆಯೊಂದನ್ನು ಬಂಪರಿನ ಹಿಂಬದಿಗೋ ಚಕ್ರದ ಮೇಲಿನ ಪೊಳ್ಳಿಗೋ ಇಳಿಸಿ, ತುದಿಗೆ ಫಿಲ್ಟರ್ ಕಟ್ಟಿದರೆ ಇಂಜಿನ್ನಿನ ಶಕ್ತಿ ಹೆಚ್ಚುತ್ತದೆ ಎಂಬುದು ಮಾರುವವರ ವಾದ.

ಲೆಕ್ಕ ಸರಿ. ಆದರೆ ಈಗಿನ ಬಹುಪಾಲು ಕಾರುಗಳು ಕಾರ್ಖಾನೆಯಿಂದ ಬರುವಾಗಲೇ ಮುಂಭಾಗದ ಜಾಲರಿಯ ಹತ್ತಿರದಿಂದ, ಅಂದರೆ ಹೊರಗಿನ ತಂಪುಗಾಳಿಯನ್ನೇ, ಎಳೆದುಕೊಳ್ಳುತ್ತವೆ. ಸಣ್ಣ ಇಂಜಿನ್ನಿನಲ್ಲಿ ಕೊಳವೆ ಬದಲಿಸಿದ ಮಾತ್ರಕ್ಕೆ ಸಿಗುವುದು ಬೆರಳೆಣಿಕೆಯಷ್ಟು ಅಶ್ವಶಕ್ತಿ. ಖಂಡಿತವಾಗಿ ಹೆಚ್ಚುವುದು ಸದ್ದು. ಕಾರ್ಖಾನೆಯವರು ಗಾಳಿ ಎಳೆಯುವ ಸದ್ದನ್ನು ಅಡಗಿಸಲೆಂದೇ ಕೊಳವೆಯ ಪಕ್ಕದಲ್ಲಿ ಒಂದು ಪೊಳ್ಳು ಡಬ್ಬಿ ಇಟ್ಟಿರುತ್ತಾರೆ. ಹೊಸ ಕೊಳವೆಯಲ್ಲಿ ಅದಿರುವುದಿಲ್ಲ. ಆಕ್ಸಿಲರೇಟರ್ ತುಳಿದೊಡನೆ ಇಂಜಿನ್ ಗುಟುರು ಹಾಕುತ್ತದೆ, ಹುಡುಗರ ಕಿವಿ ಅದನ್ನೇ ಶಕ್ತಿಯೆಂದು ಓದಿಕೊಳ್ಳುತ್ತದೆ. ಇದು ಮಗನಿಗೆ ಗೊತ್ತಿರಲಿಲ್ಲವೆಂದಲ್ಲ. ‘ಸದ್ದಿಗೇ ಅಂತ ಇಟ್ಕೊ ಅಪ್ಪ’ ಎಂದ. ಆ ಪ್ರಾಮಾಣಿಕತೆಗೆ ಅಪ್ಪ ಸ್ವಲ್ಪ ಮೆತ್ತಗಾದರು.

‘ವಾರಂಟಿ ಹೋಗುತ್ತೆ ಅಂತ ಎಲ್ಲಿ ಬರೆದಿದೆ, ತೋರಿಸು’ ಎಂದು ಮಗ ಕೇಳಿದಾಗ ಪುಸ್ತಕ ಹೊರಬಂತು. ಮೂರು ವರ್ಷ ಅಥವಾ 36,000 ಮೈಲಿ ಇಡೀ ಕಾರಿಗೆ. ಐದು ವರ್ಷ ಅಥವಾ 60,000 ಮೈಲಿ ಇಂಜಿನ್, ಗೇರ್‌ಬಾಕ್ಸಿಗೆ. ಯಾವುದಕ್ಕೆ ವಾರಂಟಿ ಇಲ್ಲ ಎಂಬ ಪಟ್ಟಿಯಲ್ಲಿ ಮಾರ್ಪಾಡಿನ ಮಾತೂ ಇತ್ತು. ಆದರೆ ಅಲ್ಲಿದ್ದದ್ದು ‘ಮಾರ್ಪಾಡು ಮಾಡಿದರೆ ವಾರಂಟಿ ಇಲ್ಲ’ ಎಂದಲ್ಲ, ‘ಮಾರ್ಪಾಡಿನಿಂದ ಆದ ಹಾನಿಗೆ ವಾರಂಟಿ ಇಲ್ಲ’ ಎಂಬ ಅರ್ಥದ ವಾಕ್ಯ. ಶಾಲೆಯಲ್ಲಿ ಉರು ಹೊಡೆದ ತೃತೀಯಾ ವಿಭಕ್ತಿ ನೆನಪಿದೆಯಲ್ಲ? ಆ ‘ಇಂದ’ದ ಮೇಲೆಯೇ ಇಡೀ ವ್ಯಾಜ್ಯ ನಿಂತಿದೆ.

ಅದು ಕಂಪೆನಿಯ ಔದಾರ್ಯವೂ ಅಲ್ಲ. ವಾಷಿಂಗ್ಟನ್ ರಾಜ್ಯದ ಸೆನೆಟರ್ ವಾರನ್ ಮ್ಯಾಗ್ನುಸನ್ ಮತ್ತು ಕ್ಯಾಲಿಫೋರ್ನಿಯಾದ ಪ್ರತಿನಿಧಿ ಜಾನ್ ಮಾಸ್ ಅವರ ಹೆಸರಿನಲ್ಲಿ 1975ರ ಜನವರಿಯಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. ನಮ್ಮ ಬ್ರಾಂಡಿನ ಭಾಗವನ್ನೇ ಹಾಕಿದರೆ ಮಾತ್ರ ವಾರಂಟಿ ಎಂದು ಕಂಪೆನಿ ಶರತ್ತು ಹಾಕುವಂತಿಲ್ಲ, ಹಾಕಬೇಕೆಂದಿದ್ದರೆ ಆ ಭಾಗವನ್ನು ಪುಕ್ಕಟೆ ಕೊಡಬೇಕು ಎಂಬುದು ಅದರ ಒಂದು ತಿರುಳು. ಇದನ್ನು ಜಾರಿಗೆ ತರುವ ಫೆಡರಲ್ ಟ್ರೇಡ್ ಕಮಿಷನ್ ಇನ್ನೂ ಬಿಡಿಸಿ ಹೇಳುತ್ತದೆ: ಹೊರಗಿನ ಭಾಗವಿದೆ ಎಂಬ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸಕೂಡದು, ಹಾನಿಗೆ ಆ ಭಾಗವೇ ಕಾರಣವೆಂದು ಕಂಪೆನಿ ಅಥವಾ ಡೀಲರ್ ತೋರಿಸಬೇಕು. 2022ರ ಜೂನ್‌ನಲ್ಲಿ ಹಾರ್ಲೆ ಡೇವಿಡ್‌ಸನ್ ಮೋಟಾರ್‌ಸೈಕಲ್ ಕಂಪೆನಿಯ ವಾರಂಟಿಯಲ್ಲಿದ್ದ ಇಂಥ ಶರತ್ತಿನ ವಿರುದ್ಧ ಅದು ಕ್ರಮ ಕೈಗೊಂಡಿತು.

ಇಷ್ಟು ಓದಿ ಮಗ ಗೆದ್ದೆನೆಂದುಕೊಂಡ. ಅಪ್ಪ ಅಷ್ಟು ಬೇಗ ಬಿಡುವವರಲ್ಲ. ‘ಅವರು ತೋರಿಸಬೇಕು, ಸರಿ. ತೋರಿಸೋವರೆಗೆ ಕಾರು ಎಲ್ಲಿರುತ್ತೆ? ಅವರ ವರ್ಕ್‌ಶಾಪಿನಲ್ಲಿ. ನೀನು ಕಾಲೇಜಿಗೆ ಹೇಗೆ ಹೋಗ್ತೀಯ?’ ಕಾನೂನು ಪುಸ್ತಕದಲ್ಲಿ ಸಿಗದ ಪ್ರಶ್ನೆ ಇದು. ಅಲ್ಲಿಂದ ಮುಂದೆ ಹಾಕಬೇಕೋ ಬೇಡವೋ ಎಂಬ ಜಗಳ ನಿಂತು, ಡೀಲರನಿಗೆ ಬೊಟ್ಟು ತೋರಿಸಲು ಅತಿ ಕಡಿಮೆ ಜಾಗ ಕೊಡುವ ಇಂಟೇಕ್ ಯಾವುದು ಎಂಬ ಹುಡುಕಾಟ ಶುರುವಾಯಿತು.

ಡೀಲರ್ ಏನೇನಕ್ಕೆ ಬೊಟ್ಟು ತೋರಿಸಬಹುದು? ಇಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯಲು ಅನೇಕ ಕಾರುಗಳಲ್ಲಿ ಬಿಸಿ ತಂತಿಯ ಸೆನ್ಸರ್ ಒಂದಿರುತ್ತದೆ. ಅದು ಕೂತಿರುವ ಕೊಳವೆಯ ವ್ಯಾಸಕ್ಕೆ ಹೊಂದುವಂತೆ ಕಂಪ್ಯೂಟರಿನ ಲೆಕ್ಕ. ಹೊಸ ಕೊಳವೆ ಆ ಜಾಗದಲ್ಲಿ ಸ್ವಲ್ಪ ಅಗಲವಾದರೂ ಅಳತೆ ತಪ್ಪುತ್ತದೆ, ಪೆಟ್ರೋಲಿನ ಪ್ರಮಾಣ ತಪ್ಪುತ್ತದೆ, ‘ಚೆಕ್ ಇಂಜಿನ್’ ದೀಪ ಹತ್ತುತ್ತದೆ. ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರುಗಳೂ ಉಂಟು. ತೊಳೆದು ಮತ್ತೆ ಬಳಸಬಹುದು. ಆದರೆ ತೊಳೆದ ಮೇಲೆ ಉತ್ಸಾಹದಿಂದ ಎಣ್ಣೆ ಹೆಚ್ಚು ಹಚ್ಚಿದರೆ ಅದು ಹಾರಿ ಸೆನ್ಸರಿನ ತಂತಿಗೆ ಅಂಟುತ್ತದೆ. ಎಣ್ಣೆ ಬೇಡದ ಒಣ ಫಿಲ್ಟರಿನಲ್ಲಿ ಈ ತಂಟೆಯಿಲ್ಲ. ಇನ್ನು ಫಿಲ್ಟರಿನ ಬಲೆ ದೊಡ್ಡದಾಗಿದ್ದು ಧೂಳು ಒಳಗೆ ಹೋದರೆ ಪಿಸ್ಟನ್ ರಿಂಗು, ಸಿಲಿಂಡರಿನ ಗೋಡೆ ಸವೆಯುತ್ತವೆ. ಇಂಜಿನ್ ಆಯಿಲನ್ನು ಪರೀಕ್ಷಿಸಿದರೆ ಅದರಲ್ಲಿ ಸಿಲಿಕಾನ್ ಸಿಕ್ಕು ಗುಟ್ಟು ರಟ್ಟಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ನೀರು. ಕೊಳವೆಯ ಬಾಯಿ ಬಂಪರಿನ ಕೆಳಗಿದ್ದು, ಕಾರು ನಿಂತ ನೀರಿಗೆ ಇಳಿದರೆ ಇಂಜಿನ್ ಗಾಳಿಯ ಬದಲು ನೀರನ್ನೇ ಕುಡಿಯುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಮೇಲೇರುವ ಪಿಸ್ಟನ್ನಿಗೆ ನೀರು ಬಂಡೆಯಂತೆ ಅಡ್ಡ ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೀಗಾದರೆ ಕೊಳವೆಯೇ ಕಾರಣವೆಂದು ತೋರಿಸಲು ಡೀಲರ್ ಕಷ್ಟಪಡಬೇಕಿಲ್ಲ. ಹಾಗೆಂದು ಕೊಳವೆಯನ್ನು ಚಿಕ್ಕದು ಮಾಡಿ ಫಿಲ್ಟರನ್ನು ಇಂಜಿನ್ನಿನ ಪಕ್ಕದಲ್ಲೇ ಬರಿದೇ ಬಿಟ್ಟರೆ ಅದು ಎಳೆಯುವುದು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನು. ತಂಗಾಳಿಯ ಹೆಸರಿನಲ್ಲಿ ಬಿಸಿಗಾಳಿಗೆ ದುಡ್ಡು ಕೊಟ್ಟ ಹಾಗಾಯಿತು!

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತೊಡಕಿದೆ. ಹೊಗೆಯ ಮೇಲೆ ಪರಿಣಾಮ ಬೀರಬಹುದಾದ ಯಾವ ಹೊರಗಿನ ಭಾಗಕ್ಕೂ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಬೇಕು. ಆ ಸಂಖ್ಯೆ ಇಂಥ ಕಾರಿಗೆ, ಇಂಥ ವರ್ಷದ ಮಾದರಿಗೆ ಎಂದು ನಿಗದಿಯಾಗಿರುತ್ತದೆ. ಹುಡುಗನ ಗೆಳೆಯನೊಬ್ಬ ತನ್ನ ಹಳೆಯ ಕಾರಿಗೆ ಸಂಖ್ಯೆಯಿಲ್ಲದ ಅಗ್ಗದ ಕೊಳವೆ ಹಾಕಿಸಿದ್ದ. ಎರಡು ವರ್ಷಕ್ಕೊಮ್ಮೆಯ ಹೊಗೆ ತಪಾಸಣೆಯಲ್ಲಿ ಹೊಗೆ ಸರಿಯಾಗಿಯೇ ಇತ್ತು. ಬಾನೆಟ್ ಎತ್ತಿ ನೋಡಿದಾತ ಕೊಳವೆ ಕಂಡು ಫೇಲು ಮಾಡಿದ. ಹಳೆಯ ಡಬ್ಬಿಯನ್ನು ಗೆಳೆಯ ಕಸಕ್ಕೆ ಎಸೆದುಬಿಟ್ಟಿದ್ದ. ಕಾರು ಕಳಚುವವರ ಅಂಗಳದಲ್ಲಿ ಹುಡುಕಿ ಅಂಥದ್ದೇ ಒಂದನ್ನು ಕೊಂಡು ತಂದು ಕೂರಿಸಬೇಕಾಯಿತು.

ಮೂರು ವಾರದ ಹುಡುಕಾಟದ ನಂತರ ಅಪ್ಪ ಮಗ ಒಪ್ಪಿದ್ದು ಮುಚ್ಚಿದ ಡಬ್ಬಿಯೊಳಗೆ ಒಣ ಫಿಲ್ಟರ್ ಇರುವ, ಕಾರ್ಖಾನೆಯ ಗಾಳಿಕಿಂಡಿಯಿಂದಲೇ ಗಾಳಿ ಪಡೆಯುವ ಒಂದು ಇಂಟೇಕಿಗೆ. ಸೆನ್ಸರಿನ ಜಾಗದ ವ್ಯಾಸ ಮೂಲದಷ್ಟೇ. ಅನುಮತಿ ಸಂಖ್ಯೆಯಲ್ಲಿ ಇವರ ಕಾರಿನ ವರ್ಷವೂ ಸೇರಿತ್ತು. ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿದರೆ ಮಾತ್ರ ಕೆಲಸ ಮಾಡುವ ಇಂಟೇಕುಗಳನ್ನು ಅಪ್ಪ ಮೊದಲೇ ಹೊಡೆದುಹಾಕಿದ್ದರು. ಅವರದು ಸಾಫ್ಟ್‌ವೇರ್ ಉದ್ಯೋಗ. ಪ್ರೋಗ್ರಾಂ ಮುಟ್ಟಿದ ಗುರುತು ಹೇಗೆ ಉಳಿಯುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಮ್ಮ ಹೇಳಿದ್ದು ಒಂದೇ: ಹಳೆಯ ಡಬ್ಬಿ, ಅದರ ಕ್ಲಿಪ್ಪು, ಸ್ಕ್ರೂ ಎಲ್ಲ ಒಂದು ಚೀಲದಲ್ಲಿ ಹಾಕಿ ಗ್ಯಾರೇಜಿನಲ್ಲಿಡಿ, ರಸೀದಿ ನನ್ನ ಕೈಗೆ ಕೊಡಿ. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಸಲಹೆ ಇದೇ ಇರಬೇಕು.

ಏಳು ತಿಂಗಳ ನಂತರ ದೀಪ ಹತ್ತಿತು. ಇಂಜಿನ್ನಿನಲ್ಲಿ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂಬ ಸಂಕೇತ. ಗಾಳಿಯ ಕೊಳವೆ ಬದಲಿಸಿದ ಕಾರಿನಲ್ಲಿ ಬರಬಾರದ ಸಂಕೇತವೆಂದರೆ ಇದೇ. ಡೀಲರಿನ ಸರ್ವಿಸ್ ಮೇಜಿನವರು ಬಾನೆಟ್ ಎತ್ತಿ ನೋಡಿ, ‘ಇದಿರುವಾಗ ವಾರಂಟಿ ಕಷ್ಟ’ ಎಂದರು. ಹುಡುಗ ಧ್ವನಿ ಏರಿಸಲಿಲ್ಲ, ಕಾನೂನಿನ ಹೆಸರನ್ನೂ ಎತ್ತಲಿಲ್ಲ. ಯಾವ ಭಾಗ ಕೆಟ್ಟಿದೆ, ಈ ಕೊಳವೆ ಅದನ್ನು ಹೇಗೆ ಕೆಡಿಸಿತು, ಅದನ್ನು ದಯವಿಟ್ಟು ಬರೆದುಕೊಡಿ ಎಂದ. ಬರೆದುಕೊಡಬೇಕೆಂದರೆ ಹುಡುಕಬೇಕು! ಐದು ದಿನ ಕಾರು ಅಲ್ಲೇ ನಿಂತಿತು. ಐದೂ ದಿನ ಅಪ್ಪ ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಎದ್ದು ಮಗನನ್ನು ಕಾಲೇಜಿಗೆ ಬಿಟ್ಟು ಆಫೀಸಿಗೆ ಹೋದರು. ‘ನಾನು ಹೇಳಿರಲಿಲ್ವಾ’ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ಆಡಲಿಲ್ಲವಂತೆ. ಕೊನೆಗೆ ಇಂಜಿನ್ನಿನೊಳಕ್ಕೆ ಹೊಗೆ ಬಿಟ್ಟು ನೋಡಿದಾಗ, ಕೊಳವೆಯಿಂದ ದೂರ, ಥ್ರಾಟಲಿನಿಂದ ಆಚೆಗಿನ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಕಾರ್ಖಾನೆಯದೇ ಗ್ಯಾಸ್ಕೆಟ್. ಬದಲಿಸಿಕೊಟ್ಟರು, ಬಿಲ್ಲು ಸೊನ್ನೆ.

ಈ ಸುದ್ದಿ ಕೇಳಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಚಿಕ್ಕಪ್ಪನ ಮಗನಿಗೂ ಆಸೆ ಹುಟ್ಟಿತು. ಹುಡುಗ ಅವನಿಗೆ ಪ್ರೋತ್ಸಾಹ ಕೊಡಲಿಲ್ಲ. ಭಾರತದ ಸ್ಪರ್ಧಾ ಆಯೋಗವೂ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪೆನಿಗಳ ವಿರುದ್ಧದ ಆದೇಶದಲ್ಲಿ, ಹೊರಗಡೆ ರಿಪೇರಿ ಮಾಡಿಸಿದರೆಂಬ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡಕೂಡದು, ಆ ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ಮಾಡಬಹುದು ಎಂದಿತ್ತು. ಇಲ್ಲಿಯೂ ಅದೇ ‘ಇಂದ’. ಆದರೆ ಆದೇಶದ ಮೇಲೆ ಮೇಲ್ಮನವಿಗಳು ನಡೆದವು. ಅಲ್ಲದೆ ಅದು ರಿಪೇರಿಯ ಮಾತು, ಮಾರ್ಪಾಡಿನದಲ್ಲ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬೇರೆ ಇದೆ. ಕೊಳವೆಯ ವಿವರ ನೋಂದಣಿ ಪತ್ರದಲ್ಲಿರುವುದಿಲ್ಲ, ನಿಜ. ಆದರೆ ದಾರಿಯಲ್ಲಿ ಬಾನೆಟ್ ಎತ್ತಿಸುವವರಿಗೆ ಅದನ್ನು ವಿವರಿಸುವ ಹೊತ್ತು ಯಾರಿಗಿದೆ? ಜೊತೆಗೆ 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ನೀರಿನಲ್ಲಿ ಮುಳುಗಿ ನಿಂತ ಕಾರುಗಳ ಚಿತ್ರಗಳನ್ನು ಅವನು ಫ್ರೀಮಾಂಟ್‌ನಲ್ಲೇ ಕೂತು ನೋಡಿದ್ದ.

‘ಕಂಪೆನಿಯ ಕಾಗದದ ಫಿಲ್ಟರನ್ನೇ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಮೊದಲೇ ಬದಲಿಸು. ನಮ್ಮೂರ ಧೂಳಿಗೆ ಅದು ಸಾಕು’ ಎಂದು ಹೇಳಿದನಂತೆ. ಅದಕ್ಕೆ ಅವನ ಮರುಪ್ರಶ್ನೆ: ‘ಸದ್ದು?’