ರೋಮ್‌ನ ಒಂದು ಬೀದಿ, ಮಕ್ಕಳ ಎತ್ತರದ ಒಂದು ಕೋಣೆ

ಬೆಂಗಳೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ, ನಾಲ್ಕು ಕ್ರಾಸ್ ದಾಟುವಷ್ಟರಲ್ಲಿ ಒಂದು ‘ಮಾಂಟೆಸ್ಸರಿ’ ಬೋರ್ಡ್ ಕಣ್ಣಿಗೆ ಬೀಳುತ್ತೆ. ಎಲ್‌ಕೆಜಿ, ಯುಕೆಜಿ ಥರ ಅದೂ ಒಂದು ಕ್ಲಾಸಿನ ಹೆಸರು ಅಂದುಕೊಂಡವರೇ ಜಾಸ್ತಿ. ಅಸಲಿಗೆ ಅದು ಇಟಲಿಯ ಡಾಕ್ಟರಮ್ಮ ಒಬ್ಬರ ಹೆಸರು. ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ರೋಮ್‌ನ ಸಾನ್ ಲೊರೆಂಝೊ ಎಂಬ ಬಡಾವಣೆಯಲ್ಲಿ. ಆಫೀಸ್ ಕೆಲಸಕ್ಕೆ ಅಂತ ಆ ಊರಿಗೆ ಹೋದಾಗ ಒಂದು ಭಾನುವಾರ ಖಾಲಿ ಸಿಕ್ಕಿತು. ಕೊಲೋಸಿಯಂ ಕ್ಯೂ ಬಿಟ್ಟು ಆ ಕಡೆ ನಡೆದೆ.

ಸ್ಟೇಷನ್ ಹಿಂದಿನ ಬಡಾವಣೆ

ಟರ್ಮಿನಿ ಅಂದರೆ ರೋಮ್‌ನ ನಮ್ಮ ಮೆಜೆಸ್ಟಿಕ್. ಅದರ ರೈಲು ಹಳಿಗಳ ಪಕ್ಕದಲ್ಲೇ, ಹಳೆಯ ಕೋಟೆ ಗೋಡೆಯ ಆಚೆ ಸಾನ್ ಲೊರೆಂಝೊ ಇದೆ. ಒಂದು ಬದಿಗೆ ವೆರಾನೋ ಸ್ಮಶಾನ, ಇನ್ನೊಂದು ಬದಿಗೆ ಸಾಪಿಯೆಂಝಾ ವಿಶ್ವವಿದ್ಯಾಲಯ. ಬೀದಿಗಳಿಗೆಲ್ಲ ಇಟಲಿಯ ಪ್ರಾಚೀನ ಬುಡಕಟ್ಟುಗಳ ಹೆಸರು: ಮಾರ್ಸಿ, ವೋಲ್ಷಿ, ಸಬೆಲ್ಲಿ. ಗೋಡೆ ತುಂಬ ಗ್ರಾಫಿಟಿ, ಸ್ಟೂಡೆಂಟ್‌ಗಳು ಕೂರುವ ಅಗ್ಗದ ಕಾಫಿ ಬಾರ್‌ಗಳು, ಮೇಲಿನ ಕಿಟಕಿಗಳಲ್ಲಿ ಒಣಗುತ್ತಿರುವ ಬಟ್ಟೆ. ಪೋಸ್ಟ್‌ಕಾರ್ಡಿನಲ್ಲಿ ಬರುವ ರೋಮ್ ಇದಲ್ಲ.

ವಿಯಾ ದೇಯಿ ಮಾರ್ಸಿ, ನಂಬರ್ 58. ಬಾಗಿಲ ಬಳಿ ಒಂದು ಸ್ಮಾರಕ ಫಲಕ ಇಲ್ಲದಿದ್ದರೆ ಮುಂದೆ ನಡೆದುಬಿಡಬಹುದಾದಂಥ ವಠಾರ. ಒಳಗೆ ಕುಟುಂಬಗಳು ವಾಸ ಮಾಡುವ ಕಟ್ಟಡವಾದ್ದರಿಂದ ನಾನು ಹೊರಗೇ ನಿಂತೆ. ಕೈಯಲ್ಲಿ ಮೊಬೈಲ್, ಮೊಬೈಲ್‌ನಲ್ಲಿ ಮಾಂಟೆಸ್ಸರಿ ಬರೆದ ಪುಸ್ತಕ.

ಸುಣ್ಣ ಉಳಿಸೋಕೆ ಶುರುವಾದ ಶಾಲೆ

1880ರ ದಶಕದಲ್ಲಿ ರೋಮ್‌ನಲ್ಲಿ ಕಟ್ಟಡಗಳ ಭರಾಟೆ. ಆಮೇಲೆ ದುಡ್ಡು ಮುಗಿದು ಸಾನ್ ಲೊರೆಂಝೊದ ಎಷ್ಟೋ ಮನೆಗಳು ಅರ್ಧಕ್ಕೇ ನಿಂತವು. ಅವುಗಳಲ್ಲಿ ಬಡವರು ಕಿಕ್ಕಿರಿದು ತುಂಬಿಕೊಂಡರು. ಮುಂದೆ ಒಂದು ವಸತಿ ಸಂಸ್ಥೆ ಇಂಥ ಕಟ್ಟಡಗಳನ್ನು ಕೊಂಡು, ರಿಪೇರಿ ಮಾಡಿಸಿ ಬಾಡಿಗೆಗೆ ಕೊಟ್ಟಿತು. ಅಪ್ಪ ಅಮ್ಮ ಬೆಳಿಗ್ಗೆಯೇ ಕೂಲಿಗೆ ಹೋಗ್ತಿದ್ದರು, ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ಮನೆಯಲ್ಲಿ ಉಳೀತಿದ್ದರು. ಇಡೀ ದಿನ ಮೆಟ್ಟಿಲಲ್ಲಿ ಓಡಾಟ, ಹೊಸ ಸುಣ್ಣದ ಗೋಡೆ ಮೇಲೆ ಗೀಚಾಟ.

ಸಂಸ್ಥೆಯವರ ಲೆಕ್ಕ ಸರಳವಾಗಿತ್ತು. ಮತ್ತೆ ಮತ್ತೆ ರಿಪೇರಿಗೆ ಸುರಿಯುವ ದುಡ್ಡಿನಲ್ಲಿ ಈ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿಬಿಡೋಣ. ಅದಕ್ಕೆ ಅವರು ಕರೆದದ್ದು 36 ವರ್ಷದ ಡಾಕ್ಟರ್ ಮಾಂಟೆಸ್ಸರಿಯನ್ನು. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳ ಜೊತೆ ಅದಾಗಲೇ ಕೆಲಸ ಮಾಡಿದ್ದವರು. 1907ರ ಜನವರಿ 6ರಂದು ‘ಕಾಸಾ ದೇಯಿ ಬಂಬೀನಿ’, ಅಂದರೆ ಮಕ್ಕಳ ಮನೆ, ತೆರೆಯಿತು. ಸುಮಾರು 50 ಮಕ್ಕಳು. ನೋಡಿಕೊಳ್ಳೋಕೆ ಟೀಚರ್ ಟ್ರೈನಿಂಗ್ ಇಲ್ಲದ ಒಬ್ಬ ಯುವತಿ.

ಫೀಸು ಇರಲಿಲ್ಲ, ಆದರೆ ನಿಯಮಗಳಿದ್ದವು. ಮಗುವನ್ನು ಮೈ ತೊಳೆದು, ಶುಭ್ರ ಬಟ್ಟೆ ಹಾಕಿ ಕಳಿಸಬೇಕು. ತಾಯಿ ವಾರಕ್ಕೊಮ್ಮೆಯಾದರೂ ಬಂದು ಮೇಲ್ವಿಚಾರಕಿ ಜೊತೆ ಮಾತಾಡಬೇಕು. ಕೊಳಕಾಗಿ ಬಂದ ಮಗುವನ್ನು ಶಾಲೆಯಿಂದ ತೆಗೆಯಬಹುದು. ದಿನವಿಡೀ ದುಡಿದು ಬರುವ ಹೆಂಗಸಿನ ಮೇಲೆ ಇನ್ನೊಂದು ಹೊರೆ ಅಂತ ಈಗ ಓದುವಾಗ ಸ್ವಲ್ಪ ಕಸಿವಿಸಿ ಆಗುತ್ತೆ. ಮೇಲ್ವಿಚಾರಕಿಗೂ ಒಂದು ನಿಯಮ ಇತ್ತು ಅನ್ನೋದನ್ನೂ ಹೇಳಬೇಕು: ಆಕೆ ಅದೇ ವಠಾರದಲ್ಲಿ, ಆ ಮನೆಗಳವರ ನಡುವೆಯೇ ವಾಸ ಮಾಡಬೇಕು.

ಮೂಗು ಒರೆಸಿಕೊಳ್ಳುವ ಪಾಠ

ಆ ಕೋಣೆಯ ಒಂದು ಘಟನೆಯನ್ನು ಮಾಂಟೆಸ್ಸರಿ ಬರೆದಿದ್ದಾರೆ. ಒಂದು ದಿನ ಅವರು ಮಕ್ಕಳಿಗೆ ಮೂಗು ಒರೆಸಿಕೊಳ್ಳೋದು ಹೇಗೆ ಅಂತ ತೋರಿಸಿದರು. ಕರ್ಚೀಫ್ ಹೇಗೆ ಹಿಡಿಯೋದು, ಸದ್ದಾಗದ ಹಾಗೆ ಹೇಗೆ ಸೀನೋದು, ಎಲ್ಲ ನಿಧಾನವಾಗಿ. ನಗ್ತಾರೇನೋ ಅಂದುಕೊಂಡಿದ್ದರು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಮುಗಿದ ಮೇಲೆ ನಾಟಕ ನೋಡಿದವರ ಥರ ಚಪ್ಪಾಳೆ ತಟ್ಟಿದರು.

ಯಾಕೆ ಅಂತ ಅವರು ಕೊಟ್ಟ ಕಾರಣ ಕೇಳಿ. ಮೂಗಿನ ವಿಷಯಕ್ಕೆ ಮಕ್ಕಳು ಸದಾ ಬೈಸಿಕೊಂಡಿದ್ದರು, ಅವಮಾನ ಅನುಭವಿಸಿದ್ದರು. ಹೇಗೆ ಒರೆಸಿಕೊಳ್ಳಬೇಕು ಅಂತ ಸಮಾಧಾನವಾಗಿ ಯಾರೂ ತೋರಿಸಿರಲಿಲ್ಲ.

ನಮ್ಮ ಮನೆಗಳ ಬೆಳಗ್ಗೆ ಒಂಬತ್ತು ಗಂಟೆ ನೆನಪಿಸಿಕೊಳ್ಳಿ. ‘ಕೈ ತೊಳ್ಕೊ’, ‘ಶೂ ಜಾಗಕ್ಕಿಡು’, ‘ಬ್ಯಾಗ್ ನೇತುಹಾಕು’. ವಾಶ್‌ಬೇಸಿನ್ ಸಾಮಾನ್ಯವಾಗಿ ನೆಲದಿಂದ 80-85 ಸೆಂ.ಮೀ. ಎತ್ತರದಲ್ಲಿರುತ್ತೆ. ಮೂರು ವರ್ಷದ ಮಗುವಿನ ಒಟ್ಟು ಎತ್ತರವೇ ಸುಮಾರು 95 ಸೆಂ.ಮೀ. ಅಂದರೆ ಬೇಸಿನ್ ಅಂಚು ಅದರ ಗದ್ದಕ್ಕೆ ಬರುತ್ತೆ, ನಲ್ಲಿ ಇನ್ನೂ ಆಚೆ. ಬ್ಯಾಗ್ ಹುಕ್ ಅಂತೂ ಅಪ್ಪನ ಭುಜದ ಮಟ್ಟಕ್ಕೆ. ನಾವು ಹೇಳುವ ಕೆಲಸವನ್ನು ಮಗು ಒಂಟಿಯಾಗಿ ಮಾಡೋಕೆ ಆಗೋದೇ ಇಲ್ಲ.

ಕುರ್ಚಿ ಬಿದ್ದರೆ ಬೀಳಲಿ

ಮಾಂಟೆಸ್ಸರಿ ಈ ಎತ್ತರಕ್ಕೇ ಕೈ ಹಾಕಿದರು. ಆ ಕಾಲದ ಶಾಲೆಗಳಲ್ಲಿ ಮಕ್ಕಳು ಅಲ್ಲಾಡದ ಹಾಗೆ ಕೂರಿಸುವ ಭಾರದ ಡೆಸ್ಕ್‌ಗಳಿದ್ದವು. ಅದರ ಬದಲು ಇಬ್ಬರು ಮಕ್ಕಳು ಎತ್ತಿ ಸಾಗಿಸಬಹುದಾದ ಹಗುರ ಮೇಜು, ಪುಟ್ಟ ಕುರ್ಚಿ. ಮೂರು ವರ್ಷದವರಿಗೂ ಎಟುಕುವ ವಾಶ್‌ಸ್ಟ್ಯಾಂಡ್, ಪಕ್ಕದಲ್ಲಿ ಸೋಪು, ಬ್ರಶ್, ಟವೆಲ್ ಇಡೋಕೆ ಜಾಗ. ಕೆಳಮಟ್ಟದ ಕಪ್ಪು ಹಲಗೆ. ಮಕ್ಕಳೇ ತೆಗೆಯಬಹುದಾದ ಗಿಡ್ಡ ಕಪಾಟು.

ಕಪಾಟಿನ ಹಿಂದೆಯೂ ಒಂದು ಕಥೆ ಇದೆ. ಮೊದಲು ಆಟದ ಸಾಮಾನನ್ನು ಬೀಗ ಹಾಕಿಟ್ಟು, ಟೀಚರ್ ಬಂದು ಹಂಚುತ್ತಿದ್ದರು. ಒಂದು ದಿನ ಬೀಗ ಹಾಕೋದು ಮರೆತುಹೋಗಿತ್ತು, ಟೀಚರ್ ಬಂದದ್ದೂ ತಡ. ಬಂದು ನೋಡಿದರೆ ಮಕ್ಕಳು ತಾವೇ ಸಾಮಾನು ತೆಗೆದುಕೊಳ್ಳುತ್ತಿದ್ದಾರೆ! ಟೀಚರ್‌ಗೆ ಅದು ಕಳ್ಳತನ. ಮಾಂಟೆಸ್ಸರಿಗೆ ಕಂಡದ್ದೇ ಬೇರೆ: ಯಾವ ವಸ್ತು ಎಲ್ಲಿದೆ, ತನಗೆ ಏನು ಬೇಕು ಅನ್ನೋದು ಈ ಮಕ್ಕಳಿಗೆ ಗೊತ್ತಿದೆ. ಆಮೇಲೆ ಬೀಗ ಹೋಯಿತು, ಗಿಡ್ಡ ಕಪಾಟು ಬಂತು. ತಾನೇ ತೆಗೆದದ್ದನ್ನು ಅದೇ ಜಾಗಕ್ಕೆ ವಾಪಸ್ ಇಡುವ ಅಭ್ಯಾಸವೂ ಅದರ ಜೊತೆಗೇ ಬಂತು.

ಹಗುರ ಕುರ್ಚಿ ಉರುಳಿ ಗಲಾಟೆ ಆಗುತ್ತೆ ಅಂತ ಟೀಕೆ ಮಾಡಿದವರಿದ್ದರು. ಮಾಂಟೆಸ್ಸರಿ ಉತ್ತರ: ಬೀಳಲಿ. ಬಿದ್ದ ಸದ್ದೇ ಮಗುವಿಗೆ ‘ಹುಷಾರಾಗಿ ನಡಿ’ ಅಂತ ಹೇಳುತ್ತೆ, ದೊಡ್ಡವರು ಬಾಯಿ ತೆರೆಯಬೇಕಾಗಿಲ್ಲ. ಊಟಕ್ಕೆ ಪಿಂಗಾಣಿ ತಟ್ಟೆ, ಗಾಜಿನ ಲೋಟ ಕೊಟ್ಟದ್ದೂ ಇದೇ ಕಾರಣಕ್ಕೆ. ಬೀಳಿಸಿದರೆ ಒಡೆಯುತ್ತೆ ಅಂತ ಗೊತ್ತಾದ ಮೇಲೆ ಕೈ ತಾನಾಗೇ ನಿಧಾನ ಆಗುತ್ತೆ. ಬಿಸಿ ಸೂಪಿನ ಪಾತ್ರೆ ಹಿಡಿದು ಮೇಜಿಂದ ಮೇಜಿಗೆ ಬಡಿಸುತ್ತಿದ್ದವರೂ ಮಕ್ಕಳೇ.

ಅಲ್ಲಿಂದ ಇಲ್ಲಿಗೆ

1943ರ ಜುಲೈ 19ರಂದು ರೋಮ್ ಮೇಲೆ ಮೊದಲ ವಿಮಾನ ದಾಳಿ ನಡೆಯಿತು. ಗುರಿ ರೈಲ್ವೆ ಯಾರ್ಡ್. ಹೆಚ್ಚು ಪೆಟ್ಟು ತಿಂದದ್ದು ಪಕ್ಕದ ಸಾನ್ ಲೊರೆಂಝೊ. ಬಡಾವಣೆಯ ಪಾರ್ಕೊಂದಕ್ಕೆ ಇವತ್ತೂ ಆ ತಾರೀಖಿನದೇ ಹೆಸರು. ಆ ದಿನ ಮಾಂಟೆಸ್ಸರಿ ಇದ್ದದ್ದು ಭಾರತದಲ್ಲಿ. 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಟೀಚರ್‌ಗಳಿಗೆ ತರಬೇತಿ ಕೊಡಲು ಬಂದವರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಅವರ ಓಡಾಟಕ್ಕೆ ನಿರ್ಬಂಧ ಹಾಕಿತು. ಮುಂದೆ ಕೊಡೈಕನಾಲ್‌ನಲ್ಲೂ ಇದ್ದು, 1946ರಲ್ಲಿ ಯುರೋಪಿಗೆ ಮರಳಿದರು. ಅವರ ಕೈಯಲ್ಲಿ ಕಲಿತ ಟೀಚರ್‌ಗಳಿಂದ ಈ ಪದ್ಧತಿ ನಮ್ಮಲ್ಲಿ ಬೇರು ಬಿಟ್ಟಿತು.

ಆದರೆ ‘ಮಾಂಟೆಸ್ಸರಿ’ ಅನ್ನೋ ಹೆಸರಿಗೆ ಯಾರ ಹಕ್ಕೂ ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. ನಮ್ಮಕ್ಕನ ತಲೆನೋವು ಶುರುವಾದದ್ದು ಇಲ್ಲೇ. ಅವಳ ಮಗಳಿಗೆ ಮೂರೂವರೆ. ಆ ಬೀದಿಯಿಂದಲೇ ಫೋನ್ ಮಾಡಿದೆ.

“ಮೂರು ಸ್ಕೂಲ್ ನೋಡಿದೀನಿ ಕಣೇ, ಮೂರೂ ಮಾಂಟೆಸ್ಸರಿನೇ. ಫೀಸ್ ಕೇಳಿದ್ರೆ ನನ್ನ ಇಂಜಿನಿಯರಿಂಗೇ ಸಸ್ತಾ ಅನ್ಸುತ್ತೆ. ಯಾವ್ದು ಸೇರಿಸ್ಲಿ?”

“ಅಕ್ಕ, ಸ್ಮಾರ್ಟ್ ಬೋರ್ಡ್ ಬಿಡು. ಕೈ ತೊಳೆಯೋ ಜಾಗ ತೋರ್ಸಿ ಅನ್ನು.”

ಅವಳು ವಾಪಸ್ ಹೋಗಿ ನೋಡಿದಳು. ಒಂದು ಕಡೆ ನಲ್ಲಿ ಆಯಾ ಎತ್ತರಕ್ಕಿತ್ತು, ಮಕ್ಕಳನ್ನು ಎತ್ತಿ ಹಿಡಿದು ಕೈ ತೊಳೆಸುತ್ತಿದ್ದರು. ಇನ್ನೊಂದು ಕಡೆ ಮರದ ಸಾಮಾನೆಲ್ಲ ಇದ್ದರೂ ಗಾಜಿನ ಬೀರುವಿನೊಳಗೆ, ಬೀಗ ಹಾಕಿ. ಮೂರನೆಯದು ಬಾಡಿಗೆ ಮನೆಯಲ್ಲಿ ನಡೆಯುವ ಚಿಕ್ಕ ಶಾಲೆ. ಗೋಡೆಗೆ ಪೇಂಟ್ ಕೂಡ ಹಳೆಯದು. ಆದರೆ ಶೂ ಗೂಡಿನ ಮೇಲೆ ಪ್ರತಿ ಮಗುವಿಗೂ ಒಂದೊಂದು ಚಿತ್ರ: ಮಾವು, ಗುಬ್ಬಿ, ಆಟೋ. ಓದು ಬರದ ಮಗುವೂ ತನ್ನ ಜಾಗ ಹುಡುಕಿಕೊಳ್ಳುತ್ತೆ. ಮೂಲೆಯಲ್ಲಿ ಗಿಡ್ಡ ಪೊರಕೆ, ಒರೆಸುವ ಬಟ್ಟೆ. ಒಬ್ಬ ಹುಡುಗ ಚೆಲ್ಲಿದ ನೀರನ್ನು ತಾನೇ ಒರೆಸುತ್ತಿದ್ದ, ಮಿಸ್ ಸುಮ್ಮನೆ ಕೂತಿದ್ದರು. ಅಕ್ಕ ಅಲ್ಲೇ ಅಡ್ಮಿಶನ್ ಮಾಡಿಸಿದಳು.

ದುಬಾರಿ ಫೀಸು ಕಟ್ಟುವವರಿಗೆ ಮಾತ್ರ ಸಿಗಬೇಕಾದ ಸೌಕರ್ಯವೂ ಇದಲ್ಲ. ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಇವತ್ತು ಊರೂರಿಗೂ ಅಂಗನವಾಡಿ ಇದೆ. ನಿಮ್ಮೂರಿನ ಅಂಗನವಾಡಿಗೆ ಏನಾದರೂ ಕೊಡುವ ಮನಸ್ಸಿದ್ದರೆ, ಕಾರ್ಯಕರ್ತೆಯನ್ನು ಕೇಳಿ, ಒಂದು ಗಿಡ್ಡ ಸ್ಟ್ಯಾಂಡ್, ನಲ್ಲಿ ಇರುವ ನೀರಿನ ಡ್ರಮ್, ಮಕ್ಕಳ ಎದೆಮಟ್ಟಕ್ಕೆ ಟವೆಲ್ ಹುಕ್ ಹಾಕಿಸಿಕೊಡಿ. ಸಾನ್ ಲೊರೆಂಝೊದ ಕೋಣೆ ಇದ್ದದ್ದೂ ಬಡವರ ವಠಾರದಲ್ಲೇ.

ಮನೆಯಲ್ಲಿ ಪುಟಾಣಿ ಇದ್ದರೆ ಈ ವಾರಾಂತ್ಯ ಒಂದು ಕೆಲಸ ಮಾಡಿ ನೋಡಿ. ಮಂಡಿಯೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು ಬಾಗಿಲಿಂದ ಬಚ್ಚಲವರೆಗೆ ಹೋಗಿ. ಕೈಗೆ ಎಟುಕದ್ದನ್ನೆಲ್ಲ ಬರೆದುಕೊಳ್ಳಿ. ಬೇಸಿನ್ ಕೆಳಗೆ ಜಾರದ ಸ್ಟೂಲ್, ಎರಡೂವರೆ ಅಡಿ ಎತ್ತರದಲ್ಲೊಂದು ಹುಕ್, ಲೋಟಕ್ಕೆ ಕೆಳಗಿನ ಶೆಲ್ಫ್. ಆಮೇಲೆ ಒಂದು ಸಲ, ಮಾತಿಲ್ಲದೆ, ನಿಧಾನವಾಗಿ ಮಾಡಿ ತೋರಿಸಿ.