12 ದಿನ ತಡವಾಗಿ

ಕ್ರಿಸ್‌ಮಸ್‌ಗೆ ರಜೆ ಸಿಗಲಿಲ್ಲ. ಜನವರಿ 6ಕ್ಕೆ, ಮೂಡಣದ ಜೋಯಿಸರು ಬಾಲ ಯೇಸುವನ್ನು ಆರಾಧಿಸಿದ ಮೂರು ರಾಜರ ಹಬ್ಬದ ದಿನ, ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಂಡು ಖಾನಾಪುರದ ರೈಲು ಹತ್ತಿದೆ. ಸುಮಾರು 25 ಕಿ.ಮೀ. ದಾರಿ.

ಇದೇ ಹಳಿ ಮುಂದೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವಾಕ್ಕೆ ಇಳಿಯುತ್ತೆ. ಅಲ್ಲಿ ಕಾನ್ಸಾವ್ಲಿಂ ಪಕ್ಕದ ಗುಡ್ಡಕ್ಕೆ ಇವತ್ತು ಮೂವರು ಹುಡುಗರು ರಾಜರ ವೇಷ ತೊಟ್ಟು, ಕುದುರೆ ಏರಿ ಹೋಗ್ತಾರೆ.

ಮನೆಯಲ್ಲಿ ಅಜ್ಜಿ ಗೋದಲಿಯನ್ನು ಇನ್ನೂ ತೆಗೆದಿರಲಿಲ್ಲ.

"ಸಾರಿ ಅಜ್ಜಿ, ಲೇಟ್ ಆತು."

"ಜೋಯಿಸರೂ ತಡಾ ಮಾಡೇ ಬಂದಿದ್ರು. ಮತ್ತಾಯನ ಸುವಾರ್ತೆ ನೋಡು, ಅವರು ಬಂದದ್ದು ಕೊಟ್ಟಿಗೆಗಲ್ಲ, ಮನೀಗೆ. ಮೊದಲು ಅಡ್ಡಬಿದ್ರು, ಆಮ್ಯಾಲೆ ಗಂಟು ಬಿಚ್ಚಿದ್ರು."

ಬಿಚ್ಚುತ್ತಿದ್ದ ಕುಂದಾ ಡಬ್ಬಿಯನ್ನು ಪಕ್ಕಕ್ಕಿಟ್ಟೆ. ಫೋನ್ ಸೈಲೆಂಟ್ ಮಾಡಿ, ಗೋದಲಿ ಮುಂದೆ ಮಂಡಿಯೂರಿದೆ.